ಮಣ್ಣು ಬಿಟ್ಟು ಬಂದ ಅಣುಜೀವಿ

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಮಣ್ಣಿನ ಅಣುಜೀವಿಯೊಂದು ತನ್ನ ಹೊಲವನ್ನು ನೆನೆದು ಕೊರಗುತ್ತಿತ್ತು. ರೋಗದ ಕ್ರಿಮಿಗಳನ್ನು ಕೊಲ್ಲುವ ಮದ್ದು ಅದರ ಒಡಲಲ್ಲಿದೆಯೆಂದು ನಂಬಿದ ವಿಜ್ಞಾನಿ ಶಾಂಭವಿ, ಅದನ್ನು ಹೊಲದಿಂದ ತಂದು ತಿಂಗಳಿಡೀ ಸಕ್ಕರೆ ಉಣಿಸಿ ಸಾಕಿದ್ದಳು. ಆದರೆ ಒಂದು ಹನಿ ಮದ್ದೂ ಒಸರಿರಲಿಲ್ಲ.

"ಇಷ್ಟು ಉಂಡೂ ಸುಮ್ಮನೆ ಕೂತಿದ್ದೀಯಲ್ಲೇ? ನಾಳೆ ನಿನ್ನನ್ನು ಕುದಿಸಿ ಚೆಲ್ಲುತ್ತಾರಂತೆ," ಎಂದಿತು ತಟ್ಟೆ.

"ಏನು ಮಾಡಲಿ ಅಕ್ಕಾ? ಅಲ್ಲಿ ತುತ್ತು ತುತ್ತಿಗೂ ನೆರೆಯವರೊಡನೆ ಜಗಳ. ಆ ಜಗಳದಲ್ಲೇ ನನ್ನ ಮದ್ದು ಹುಟ್ಟುತ್ತಿತ್ತು. ಇಲ್ಲಿ ನನ್ನನ್ನು ಬೈಯುವವರೂ ಇಲ್ಲ."

ಕೊನೆಯ ಪ್ರಯತ್ನವೆಂದು ಶಾಂಭವಿ ಅದೇ ತಟ್ಟೆಗೆ ಕೀವಿನ ಕ್ರಿಮಿಗಳನ್ನು ಬಿಟ್ಟಳು.

"ಆಚೆ ಸರಿಯೇ ಮುದುಕಿ! ಈ ಸಕ್ಕರೆಯೆಲ್ಲ ನಮ್ಮದು," ಎಂದು ಒಂದು ಕ್ರಿಮಿ ಗದರಿತು.

"ಅಯ್ಯೋ, ಇಂಥ ಮಾತು ಕೇಳಿ ಎಷ್ಟು ದಿನವಾಗಿತ್ತೋ!" ಎಂದು ಅಣುಜೀವಿ ಹಿಗ್ಗಿತು. "ನೀನೇ ಆಚೆ ಸರಿಯೋ, ನಿನ್ನೆ ಮೊನ್ನೆ ಬಂದವನೇ!" ಎನ್ನುತ್ತಾ ಒಡಲಿನ ಮದ್ದನ್ನೆಲ್ಲ ಕಾರಿತು.

ಮರುದಿನ ತಟ್ಟೆಯಲ್ಲಿ ಒಂದು ಕ್ರಿಮಿಯೂ ಉಳಿದಿರಲಿಲ್ಲ. "ಸಿಕ್ಕಿತು, ಮದ್ದು ಸಿಕ್ಕಿತು!" ಎಂದು ಶಾಂಭವಿ ಕುಣಿದಾಡಿದಳು.

ಅಣುಜೀವಿ ಮಾತ್ರ, "ಎಲ್ಲಿ ಹೋದೆಯೋ? ಇನ್ನೊಂದು ಸಲ ಬೈಯೋ," ಎಂದು ಆ ಬರಿದಾದ ತಟ್ಟೆಯಲ್ಲಿ ಕೂಗುತ್ತಲೇ ಇತ್ತು.