ತಮ್ಮನ ಉಸಿರಿಗೆ ಸ್ತೋತ್ರ

ಪೂಜ್ಯ ಸಿಲುವಯ್ಯ ಸ್ವಾಮಿಗಳು ಅರಳೀಪಾಳ್ಯದ ಮಾತೆ ಮರಿಯಮ್ಮನವರ ದೇವಾಲಯದಲ್ಲಿ ಗುರುಗಳಾಗಿದ್ದ ಕಾಲ. ಅವರ ಮನೆಯೆಂದರೆ ದೇವಾಲಯದ ಹಿಂಬದಿಗೆ ಒರಗಿಕೊಂಡಿದ್ದ ಒಂದೇ ಕೋಣೆ. ಅದರೊಳಗೆ ಒಂದು ಚಾಪೆ, ಒಂದು ಹೂಜಿ, ಗೋಡೆಯಲ್ಲಿ ಮರದ ಶಿಲುಬೆ. ಯಾರ ಮನೆಯ ಮುದ್ದೆ ಬಂದರೂ ಕಣ್ಣಿಗೊತ್ತಿಕೊಂಡು ಉಣ್ಣುತ್ತಿದ್ದರು. ಮಾತು ಬಲು ಕಡಿಮೆ. ಊರವರು ಎದುರಾಗಿ ಕೈಮುಗಿದು "ಸ್ತೋತ್ರ ಸ್ವಾಮಿ" ಎಂದರೆ, "ದೇವರಿಗೆ ಸ್ತೋತ್ರ ಕಣಪ್ಪ, ನನಗಲ್ಲ" ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಆ ವರ್ಷ ಊರಿಗೆ ಹೊಸ ಗಂಟೆ ಬರುವುದಿತ್ತು. ಹಳೆಯದು ಬಿರುಕು ಬಿಟ್ಟು, ಹೊಡೆದರೆ ತಗಡು ಬಡಿದಂತೆ ಕೇಳಿಸುತ್ತಿತ್ತು. ಪಟ್ಟಣದಿಂದ ಎತ್ತಿನ ಗಾಡಿಯಲ್ಲಿ ಗಂಟೆ ಬರುತ್ತದೆ, ಊರ ಮೇಲಿನ ದಿಬ್ಬದಲ್ಲಿ ಬ್ಯಾಂಡ್ ಬಾರಿಸಿ ಎದುರುಗೊಳ್ಳಬೇಕು ಎಂದು ಗೊತ್ತಾದ ದಿನದಿಂದ ಪಾಳ್ಯಕ್ಕೆ ಪಾಳ್ಯವೇ ನಿಂತಲ್ಲಿ ನಿಲ್ಲದಾಯಿತು. ಹೆಂಗಸರು ಅಂಗಳ ಸಾರಿಸಿದ್ದೇ ಸಾರಿಸಿದ್ದು. ಗಂಡಸರು ಗೋಪುರದ ಹಗ್ಗ ಎಳೆದು ನೋಡಿದ್ದೇ ನೋಡಿದ್ದು.

ಇಷ್ಟು ಸಡಗರದ ನಡುವೆ ಒಬ್ಬನಿಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ. ಅವನು ಬ್ಯಾಂಡ್ ಮಾಸ್ಟರ್ ಇನ್ನಾಸಪ್ಪ. ಹಿಂದಿನ ಭಾನುವಾರ ದೇವಾಲಯದಲ್ಲಿ ಬಲಿಪೂಜೆಯ ಆರಾಧನೆ ಮುಗಿದ ಮೇಲೆ ಸ್ವಾಮಿಗಳು, "ಗಂಟೆ ಬರೋ ದಿನ ಚೌರಪ್ಪ ಮುಂದೆ ನಿಂತು ಕ್ಲಾರಿನೆಟ್ ಊದಲಿ" ಎಂದುಬಿಟ್ಟಿದ್ದರು. ಅದುವರೆಗೆ ಆ ಜಾಗ ಇನ್ನಾಸಪ್ಪನದಾಗಿತ್ತು.

ಚೌರಪ್ಪ ಬೇರೆ ಯಾರೂ ಅಲ್ಲ, ಇನ್ನಾಸಪ್ಪನ ಒಡಹುಟ್ಟಿದ ತಮ್ಮ. ಅಪ್ಪ ತೀರಿಕೊಂಡ ಮೇಲೆ ಅವನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಕ್ಲಾರಿನೆಟ್ಟಿನ ತೂತುಗಳ ಮೇಲೆ ಅವನ ಬೆರಳಿಟ್ಟು ಕಲಿಸಿದವನು ಇನ್ನಾಸಪ್ಪನೇ. ಕಲಿಸುವಾಗ ಹೆಮ್ಮೆಯಿತ್ತು. ತಮ್ಮ ಊದುತ್ತಿದ್ದರೆ ಜನ ಕೆಲಸ ಬಿಟ್ಟು ನಿಲ್ಲತೊಡಗಿದಾಗ ಆ ಹೆಮ್ಮೆ ಹುಳಿಯತೊಡಗಿತು. ಒಂದು ದಿನ ಬಾವಿಕಟ್ಟೆಯಲ್ಲಿ ಜಪಮಾಲಮ್ಮಜ್ಜಿ, ಅವಳ ಬಾಯಿಗೆ ಬೀಗವೆಲ್ಲಿ, "ಅಣ್ಣನ್ನೇ ಮೀರಿಸ್ಬುಟ್ಟ ಕಣ್ರೇ ಚೌರ!" ಎಂದು ಕೂಗಿ ಹೇಳಿದಳು. ಅಂದಿನಿಂದ ಇನ್ನಾಸಪ್ಪ ಒಂದೇ ಮನೆಯಲ್ಲಿದ್ದೂ ತಮ್ಮನೊಡನೆ ನೇರವಾಗಿ ಮಾತಾಡುವುದನ್ನು ಬಿಟ್ಟ. ಹೇಳುವುದಿದ್ದರೆ ಹೆಂಡತಿಯ ಕೈಲಿ ಹೇಳಿಸುತ್ತಿದ್ದ. ಚೌರಪ್ಪನಿಗೆ ಏಕೆಂದು ತಿಳಿಯದು. ಅಣ್ಣನ ಮುಖ ನೋಡುವುದು, ತಲೆ ತಗ್ಗಿಸುವುದು, ಇಷ್ಟೇ ಅವನಿಗೆ ಉಳಿದಿತ್ತು.

ಕ್ಲಾರಿನೆಟ್ಟನ್ನು ಬಾಯಿಗಿಡುವ ಕಡೆ ಜೊಂಡಿನ ತೆಳ್ಳನೆಯ ಸೀಳೊಂದನ್ನು ಕೂರಿಸಿರುತ್ತಾರೆ. ಬ್ಯಾಂಡಿನವರು ಅದನ್ನು ರೀಡು ಎನ್ನುತ್ತಾರೆ. ಎಂಜಲಲ್ಲಿ ನೆನೆದರೇ ಅದು ಹಾಡುವುದು. ಶಿಷ್ಯನು ಮೊದಲ ಸಲ ಮುಂದೆ ನಿಂತು ಊದುವ ದಿನ ಗುರುವು ತನ್ನ ರೀಡನ್ನು ಬಿಚ್ಚಿ ಶಿಷ್ಯನ ವಾದ್ಯಕ್ಕೆ ಕೂರಿಸಿಕೊಡುವುದು ಅರಳೀಪಾಳ್ಯದ ಬ್ಯಾಂಡಿನ ಪದ್ಧತಿ. ಇನ್ನಾಸಪ್ಪನಿಗೆ ಅವನ ಅಪ್ಪ ಹಾಗೆಯೇ ಕೊಟ್ಟಿದ್ದ. ಆ ನೆನಪಿಗೆಂದೇ ಇನ್ನಾಸಪ್ಪ ತನ್ನ ಪ್ರತಿಯೊಂದು ರೀಡಿನ ಬುಡದಲ್ಲೂ ಪುಟ್ಟ ಶಿಲುಬೆ ಕೊರೆದುಕೊಳ್ಳುತ್ತಿದ್ದ. ತಮ್ಮನಿಗೆ ಕೊಡುವ ದಿನ ಬಂದಾಗ ಮಾತ್ರ ಅವನಿಗೆ ಕೈ ಬರಲಿಲ್ಲ.

ಕೊಡುವುದು ಹಾಗಿರಲಿ, ಗಂಟೆ ಬರುವ ದಿನ ಬೆಳಗ್ಗೆ ಅವನು ಮಾಡಿದ್ದೇ ಬೇರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಇವನೂ ತಮ್ಮನ ಇಂಪೆಲ್ಲ ಅವನು ಮೈಸೂರಿನಿಂದ ತರಿಸಿದ ರೀಡಿನದು ಎಂದು ಯಾವತ್ತೋ ತೀರ್ಮಾನಿಸಿಕೊಂಡಿದ್ದ. ಚೌರಪ್ಪ ಸ್ನಾನಕ್ಕೆ ಹೋದಾಗ ಪೆಟ್ಟಿಗೆ ತೆರೆದು, ತಿರುಪು ಸಡಿಲಿಸಿ, ತಮ್ಮನ ರೀಡನ್ನು ತನ್ನದಕ್ಕೆ, ತನ್ನದನ್ನು ತಮ್ಮನದಕ್ಕೆ ಅದಲು ಬದಲು ಮಾಡಿದ. "ಯಾರು ಯಾರ್ನ ಮೀರಿಸ್ತಾರೋ ಇವತ್ತು ನೋಡೇಬುಡಾನ" ಎಂದುಕೊಂಡ. ಅವಸರವಸರವಾಗಿ ಪೆಟ್ಟಿಗೆ ಮುಚ್ಚಿದ. ಶಿಲುಬೆಯ ಗುರುತು ನೆನಪಿಗೇ ಬರಲಿಲ್ಲ.

ಬಿಸಿಲೇರುವ ಹೊತ್ತಿಗೆ ದಿಬ್ಬದ ಮೇಲೆ ಜನವೋ ಜನ! ಸ್ವಾಮಿಗಳು ಬರಿಗಾಲಲ್ಲಿ, ಕೈಯಲ್ಲೊಂದು ನೀರಿನ ಚೊಂಬು ಹಿಡಿದು ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದರು. "ಬಂತು! ಗಂಟೆ ಬಂತು!" ಎಂದು ಯಾರೋ ಕೂಗಿದರು. ದೂರದ ತಿರುವಿನಲ್ಲಿ ಎತ್ತುಗಳ ಕೋಡು ಕಾಣಿಸಿತು, ಹಿಂದೆಯೇ ಬಿಸಿಲಿಗೆ ಥಳಥಳ ಹೊಳೆಯುವ ಗಂಟೆ. ಹೆಂಗಸರು ಅಳುತ್ತ ನಗುತ್ತ ಹೂ ಎರಚಿದರು. ಚೌರಪ್ಪ ಮುಂದೆ ನಿಂತು ಮಾತೆಯ ಹಾಡೆತ್ತಿದ. ಎಂಥ ನಾದ ಅದು! ಗಾಡಿ ಹೊಡೆಯುವವನು ಕೂಡ ಹಗ್ಗ ಬಿಗಿಹಿಡಿದು ನಿಂತುಬಿಟ್ಟ.

ಇನ್ನಾಸಪ್ಪ ತಮ್ಮನನ್ನೇ ದಿಟ್ಟಿಸಿದ. ತನ್ನ ಹಳೆಯ ರೀಡಿನಲ್ಲೂ ಹೀಗೆ ಊದುತ್ತಾನಲ್ಲ! ರೋಷದಿಂದ ತಾನೂ ಬಾಯಿಗಿಟ್ಟು ಊದಿದ. ಹಂದಿಮರಿಯ ಬಾಲ ತುಳಿದಂತೆ ಕೀಂಯ್ ಎಂದಿತು. ಮತ್ತೆ ಊದಿದ, ಮತ್ತೆ ಕೀಂಯ್. ಗಾಡಿಯ ಎತ್ತು ಬೆಚ್ಚಿ ಹಿಂದೆ ಸರಿಯಿತು. ಜನ ಗೊಳ್ಳೆಂದು ನಕ್ಕರು. ಚೌರಪ್ಪ ನಗಲಿಲ್ಲ. ಊದುವುದನ್ನು ನಿಲ್ಲಿಸಿ ಅಣ್ಣನ ಕಡೆ ತಿರುಗಿದ.

ಇನ್ನಾಸಪ್ಪ ತಲೆಯ ಟೋಪಿ ಕಿತ್ತು ನೆಲಕ್ಕೆ ಒಗೆದ. "ಮುಗೀತು! ಇವತ್ತಿಂದ ನಾನವನಿಗೆ ಅಣ್ಣನೂ ಅಲ್ಲ, ಅವ್ನು ನಂಗೆ ತಮ್ಮನೂ ಅಲ್ಲ. ಮನೇಲಿ ಗೋಡೆ ಎಬ್ಬಿಸ್ತೀನಿ!" ಎಂದು ಕೂಗಿ, ದಿಬ್ಬದಾಚೆಯ ಹುಣಸೆಮರದ ಕಡೆ ದಾಪುಗಾಲು ಹಾಕಿದ. ಗಂಟೆಯನ್ನು ನೋಡುವವರೇ ಇಲ್ಲವಾದರು.

ಸ್ವಾಮಿಗಳು ಒಬ್ಬರೇ ಅವನ ಹಿಂದೆ ನಡೆದು ಹೋದರು. ಬೈಯುತ್ತಾರೆ ಎಂದು ಇನ್ನಾಸಪ್ಪ ಮುಖ ತಿರುಗಿಸಿ ಕುಳಿತ. ಅವರು ಚೊಂಬನ್ನು ಮುಂದೆ ಹಿಡಿದರು.

"ಬಾಯಿ ಒಣಗಿದೆ. ನೀರು ಕುಡಿ."

ಅವನು ಗಟಗಟನೆ ಕುಡಿದ. ಸ್ವಾಮಿಗಳು ಪಕ್ಕದಲ್ಲೇ ಬೇರಿನ ಮೇಲೆ ಕುಳಿತರು.

"ದಿನಾ ನನಗೆ ಸ್ತೋತ್ರ ಹೇಳ್ತೀಯ, ಇನ್ನಾಸಪ್ಪ. ದೇವರು ನಿನ್ನ ತಮ್ಮನಿಗೆ ಕೊಟ್ಟ ಉಸಿರಿಗೆ ಒಂದು ಸಲವಾದರೂ ಹೇಳಿದ್ದೀಯಾ?"

"ಅವನ ಉಸುರಲ್ಲ ಸ್ವಾಮಿ, ಎಲ್ಲಾ ಆ ರೀಡಿಂದು!" ಎಂದ ಇನ್ನಾಸಪ್ಪ. ಅಂದವನೇ ನಾಲಿಗೆ ಕಚ್ಚಿಕೊಂಡ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿಕೊಂಡಿದ್ದ.

ಅಷ್ಟರಲ್ಲಿ ಚೌರಪ್ಪ ಏದುಸಿರು ಬಿಡುತ್ತ ಓಡಿಬಂದು ಅಣ್ಣನ ಕಾಲ ಮೇಲೆ ಬಿದ್ದ. ಅವನ ಮುಖದಲ್ಲಿ ಸಿಟ್ಟಿನ ಸುಳಿವೇ ಇಲ್ಲ, ಕಣ್ತುಂಬ ನೀರು.

"ಅಣ್ಣಾ, ನಿನ್ನ ರೀಡು ಕೊಟ್ಟಲ್ಲಣ್ಣ! ಪೆಟ್ಗೆ ತೆಗೆದ್ರೆ ನಿನ್ನ ಶಿಲುಬೆ ಗುರುತು. ಅಪ್ಪ ನಿಂಗೆ ಕೊಟ್ಟಂಗೆ ನಂಗೂ ಕೊಟ್ಟೆ. ನಮ್ಮಣ್ಣಂಗೆ ನನ್ ಮ್ಯಾಲೆ ಕ್ವಾಪ ಇಲ್ಲ ಅಂತ ಕುಣಿದಾಡ್ಬುಟ್ಟೆ ಕಣಣ್ಣ! ನಿನ್ ಮನ್ಸಿಗೆ ಏನ್ ನೋವಾಯ್ತು? ನಾನ್ ಹಿಂದೆ ನಿಂತ್ಕತೀನಿ, ನೀನೇ ಮುಂದೆ ಊದು. ತಮ್ಮ ಅಲ್ಲ ಅಂತ ಮಾತ್ರ ಅನ್ಬ್ಯಾಡ."

ಇನ್ನಾಸಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸುಮ್ಮನಿದ್ದರೆ ಸಾಕಿತ್ತು. ದೊಡ್ಡ ಮನಸ್ಸಿನ ಅಣ್ಣನೆಂದು ತಮ್ಮ ಬದುಕಿರುವವರೆಗೂ ಹೊಗಳುತ್ತಿದ್ದ, ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಸ್ವಾಮಿಗಳ ಮುಖ ನೋಡಿದ. ಅವರು ಕಣ್ಣು ಮುಚ್ಚಿ, ತುಟಿಯಲ್ಲೇ ಪ್ರಾರ್ಥಿಸುತ್ತ ಕುಳಿತಿದ್ದರು.

"ಕೊಟ್ಟಿದ್ದಲ್ಲ ಕಣ್ಲಾ ಚೌರ," ಎಂದ ಇನ್ನಾಸಪ್ಪ. "ಕದ್ದಿದ್ದು. ನಿಂದು ಕದ್ದು ನಂದಕ್ಕೆ ಹಾಕ್ಕಂಡೆ. ನಿನ್ನ ಹೊಗಳೋದು ಕೇಳಿ ಕೇಳಿ ಹೊಟ್ಟೆ ಉರ್ಕಂಡು ಸತ್ತೋಗಿದ್ದೆ ಕಣ್ಲಾ ನಾನು."

ಸ್ವಾಮಿಗಳು ಕಣ್ತೆರೆದರು.

"ಈಗ ಕೊಡು, ಇನ್ನಾಸಪ್ಪ. ಹೊತ್ತು ಮೀರಿಲ್ಲ."

ಇನ್ನಾಸಪ್ಪ ತಮ್ಮನ ಕೈಯಲ್ಲಿದ್ದ ವಾದ್ಯ ತೆಗೆದುಕೊಂಡ. ಅದರಲ್ಲಿದ್ದ ತನ್ನ ರೀಡನ್ನು ಬಿಚ್ಚಿ, ಶಿಲುಬೆಯ ಗುರುತಿಗೆ ಮುತ್ತಿಟ್ಟು, ಅಪ್ಪ ಮಾಡಿದ್ದಂತೆಯೇ ಮತ್ತೆ ಕೂರಿಸಿ ತಿರುಪು ಬಿಗಿದ. ಹೆಬ್ಬೆರಳಿನಿಂದ ತಮ್ಮನ ಹಣೆಯ ಮೇಲೆ ಶಿಲುಬೆ ಬರೆದ. "ಇವನ ಉಸುರಿಗೆ... ಸ್ತೋತ್ರ, ನನ್ನ ಸ್ವಾಮಿ ಯೇಸುವೇ" ಎಂದ. ಆ ಒಂದು ಮಾತು ಹೊರಬರುವಷ್ಟರಲ್ಲಿ ಅವನು ಮಗುವಿನಂತೆ ಅಳುತ್ತಿದ್ದ. ಚೌರಪ್ಪ ಅವನನ್ನು ತಬ್ಬಿಕೊಂಡು, "ನನ್ ರೀಡು ನಿನ್ತಾವೇ ಇರ್ಲಿ ಬುಡಣ್ಣ" ಎಂದ.

ಸ್ವಾಮಿಗಳು ಚೊಂಬು ಎತ್ತಿಕೊಂಡು ಎದ್ದರು. "ಹೊಟ್ಟೆಕಿಚ್ಚು ಮತ್ತೆ ಬರುತ್ತೆ. ಬಂದಾಗಲೆಲ್ಲ ಇವನ ಹೆಸರು ಹಿಡಿದು ಇದೇ ಸ್ತೋತ್ರ ಹೇಳು. ನಿನ್ನ ಮನಸ್ಸಿನ ಬಾಗಿಲಲ್ಲಿ ಪ್ರಭು ಯೇಸು ನಿಂತಿರ್ತಾರೆ, ಅದು ಒಳಕ್ಕೆ ಬರಲ್ಲ" ಎಂದು ಹೇಳಿ, ದಿಬ್ಬದ ಕಡೆ ಹೊರಟರು.

ಅಣ್ಣ ತಮ್ಮಂದಿರು ಕೈ ಹಿಡಿದುಕೊಂಡು ಬರುವುದನ್ನು ಕಂಡ ಜನ ಹೋ ಎಂದು ಕೂಗಿದರು. ಯಾರೋ ಟೋಪಿಯ ಧೂಳು ಕೊಡವಿ ಇನ್ನಾಸಪ್ಪನ ತಲೆಗಿಟ್ಟರು. ಡೋಲು ಎದ್ದಿತು, ಗಾಡಿ ಇಳಿಜಾರಿಗೆ ತಿರುಗಿತು, ಚೌರಪ್ಪ ಮುಂದೆ ನಿಂತು ಹಾಡೆತ್ತಿದ. ಪಕ್ಕದಲ್ಲಿ ಇನ್ನಾಸಪ್ಪನೂ ಊದಿದ. ಆಗಷ್ಟೇ ಕೀಂಯ್ಗುಟ್ಟಿದ್ದ ಅದೇ ರೀಡು ಈಗ ಒಮ್ಮೆಯೂ ತಕರಾರು ಮಾಡಲಿಲ್ಲ.

ದೇವಾಲಯದ ಬಾಗಿಲ ಹತ್ತಿರ ಬಂದಾಗ ಜಪಮಾಲಮ್ಮಜ್ಜಿ ತಡೆಯಲಾರದೆ ಬೊಚ್ಚುಬಾಯಿ ತೆರೆದು, "ಅಣ್ಣನ್ನೇ ಮೀರಿಸ್ಬುಟ್ಟ ಕಣ್ರೇ ಚೌರ!" ಎಂದು ಕೂಗಿಬಿಟ್ಟಳು. ಪಕ್ಕದ ಹೆಂಗಸರು ಅವಳ ಬಾಯಿ ಮುಚ್ಚಲು ಹೋದರು. ಇನ್ನಾಸಪ್ಪನ ಹೊಟ್ಟೆಯಲ್ಲಿ ಹಳೆಯ ಉರಿ ಒಂದು ಸಲ ಚುರುಕ್ಕೆಂದಿತು. ಅವನು ಹಾಡಿನ ನಡುವೆಯೇ ಕ್ಲಾರಿನೆಟ್ಟನ್ನು ಬಾಯಿಂದ ತೆಗೆದು, ಗಂಟೆಗಿಂತ ದೊಡ್ಡ ದನಿಯಲ್ಲಿ ಕೂಗಿದ:

"ಹೂಂ ಕಣಜ್ಜಿ, ಮೀರಿಸ್ಬುಟ್ಟ! ನನ್ ತಮ್ಮ ನನ್ನ ಮೀರಿಸ್ಬುಟ್ಟ! ದೇವ್ರಿಗೆ ಸ್ತೋತ್ರ!"