ಅರ್ಧ ಬೆಲೆಯ ರೈಫಲ್

ಮಡಿಕೇರಿಯ ಕೋವಿ ಅಂಗಡಿಯಲ್ಲಿ ಬೇಟೆ ರೈಫಲ್ ಒಂದು ಅರ್ಧ ಬೆಲೆಗೆ ಮಾರಾಟಕ್ಕಿತ್ತು. ಪೂವಯ್ಯ ಅದಕ್ಕೆ ಮನಸೋತ. ಬದಲಿಗೆ ಕೊಡಲೆಂದು ಮನೆತನದ ಹಳೆಯ ಒಂಟಿ ನಳಿಗೆಯ ಕೋವಿಯನ್ನು ತಂದು ಅದರ ಪಕ್ಕದಲ್ಲೇ ಒರಗಿಸಿದ.

“ಇನ್ನು ನೀವು ವಿಶ್ರಾಂತಿ ತೆಗೆದುಕೊಳ್ಳಿ, ಅಜ್ಜ,” ಎಂದಿತು ರೈಫಲ್. “ಆ ಮನೆಗೆ ಇನ್ನು ನಾನಿದ್ದೇನೆ.”

“ಆಗಲಿ. ನಿನ್ನ ಅಳತೆಯ ಗುಂಡು ಎಲ್ಲಿ ಸಿಗುತ್ತದೆ?” ಎಂದು ಕೋವಿ ಕೇಳಿತು.

“ಈ ಸೀಮೆಯಲ್ಲಿ ಯಾರ ಬಳಿಯೂ ಇಲ್ಲ. ನಾನು ಅಂಥಿಂಥ ರೈಫಲ್ ಅಲ್ಲ. ನನ್ನ ಜೊತೆಗೇ ಬಂದ ಮೂರು ಗುಂಡುಗಳಿವೆ.”

“ನಮ್ಮ ಪೂವಯ್ಯನನ್ನು ನಾನು ಬಲ್ಲೆ. ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬದಲ್ಲಿ ಎರಡನ್ನು ಮರದ ತುದಿಯ ತೆಂಗಿನಕಾಯಿಗೆ ಹೊಡೆದುಬಿಡುತ್ತಾನೆ. ಉಳಿಯುವುದು ಒಂದು.”

“ಒಂದು ಸಾಲದೆ? ನನ್ನ ಸದ್ದು ಮೂರು ಊರಿಗೆ ಕೇಳುತ್ತದೆ.”

“ನನ್ನ ಭಯವೂ ಅದೇ. ನಮ್ಮಲ್ಲಿ ಊರಿಗೆ ಸುದ್ದಿ ತಿಳಿಸಲು ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು ಹಾರಿಸುತ್ತಾರೆ. ಇವನ ತಾಯಿಗೆ ತೊಂಬತ್ತು ದಾಟಿದೆ. ಆಕೆ ಹೋದ ದಿನ ನೀನು ಒಮ್ಮೆ ಗುಡುಗಿ ಸುಮ್ಮನಾದರೆ, ಮೂರು ಊರಿನವರೂ ತೊಟ್ಟಿಲು ನೋಡಲು ನಗುತ್ತ ಬರುತ್ತಾರೆ.”

ಅಷ್ಟರಲ್ಲಿ ಪೂವಯ್ಯ ಅಂಗಡಿಯವನನ್ನು ಕೇಳಿದ: “ಇದಕ್ಕೆ ಬೇರೆ ಗುಂಡು ಸಿಗುತ್ತದೆಯೇ?”

“ಹೊರಗಿನಿಂದ ತರಿಸಬೇಕು. ಯಾವಾಗ ಬರುತ್ತದೋ ಹೇಳಲಾರೆ, ಸ್ವಾಮಿ.”

ಪೂವಯ್ಯ ರೈಫಲನ್ನು ಅಲ್ಲೇ ಬಿಟ್ಟ. ಹಳೆಯ ಕೋವಿಗೇ ಒಂದು ಪೆಟ್ಟಿಗೆ ಗುಂಡು ಕೊಂಡು, ಅದನ್ನು ಹೆಗಲಿಗೇರಿಸಿ ಹೊರಟ.

“ಅರ್ಧ ಬೆಲೆಗೂ ನಾನು ಬೇಡವಾದೆನೆ?” ಎಂದಿತು ರೈಫಲ್.

“ಅರ್ಧ ಸುದ್ದಿ ಹೇಳುವವನಿಗೆ ಅರ್ಧ ಬೆಲೆಯೂ ಹೆಚ್ಚೇ,” ಎಂದಿತು ಕೋವಿ, ಹೆಗಲ ಮೇಲಿಂದ.