ಮೊಣಕಾಲೆತ್ತರದ ಕಿಟಕಿ

"ಗುರುಗಳೇ, ಚೆಂದದ ಮನೆಯೊಂದನ್ನು ಕಂಡು ಅದರಂತೆಯೇ ಕಟ್ಟಿದರೂ ಆ ಚೆಂದ ನಮ್ಮಲ್ಲಿಗೆ ಯಾಕೆ ಬರುವುದಿಲ್ಲ?" ಎಂದು ಮರುಳಯ್ಯ ಕೇಳಿದ.

ಮಠಕ್ಕೆ ಬರುವ ದಾರಿಹೋಕರಿಗಾಗಿ ಒಂದು ತಂಗುವ ಕೋಣೆಯನ್ನು ಸಿದ್ಧಪಡಿಸುವ ಹೊಣೆಯನ್ನು ಗುರುಗಳು ಈ ಶಿಷ್ಯನಿಗೆ ಒಪ್ಪಿಸಿದ್ದರು. ಅವನು ಒಂದು ತಿಂಗಳು ಊರೂರು ತಿರುಗಿ ಒಳ್ಳೆಯ ಮನೆಗಳನ್ನೂ ಛತ್ರಗಳನ್ನೂ ನೋಡಿಕೊಂಡು ಬಂದ. ಒಂದೂರಿನ ಕಂಬ, ಇನ್ನೊಂದೂರಿನ ಗೋಡೆಗೂಡು, ಮತ್ತೊಂದೂರಿನ ಬಣ್ಣ, ಎಲ್ಲವನ್ನೂ ಒಂದೆಡೆ ಕೂಡಿಸಿದ. ಕೋಣೆ ಮುಗಿಯಿತು. ಬಂದವರು ಒಳಗೆ ಹೋಗಿ ನೋಡುತ್ತಿದ್ದರು, ಚೆನ್ನಾಗಿದೆ ಎನ್ನುತ್ತಿದ್ದರು, ಆಮೇಲೆ ಹೊರಗಿನ ಜಗಲಿಯ ಮೇಲೆಯೇ ಚಾಪೆ ಹಾಸಿಕೊಳ್ಳುತ್ತಿದ್ದರು. ಇದು ಮರುಳಯ್ಯನ ಮನಸ್ಸನ್ನು ಕೊರೆಯುತ್ತಿತ್ತು.

ಗುರುಗಳು ಈ ಕತೆಯನ್ನು ಹೇಳಿದರು.

ಬಯಲುನಾಡಿನ ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಮನೆಯಲ್ಲಿ ಅವನ ಹೆಂಡತಿ ಮತ್ತು ವಯಸ್ಸಾದ ತಾಯಿ ಇದ್ದರು. ತಂದೆ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ತಾಯಿ ಹತ್ತಾರು ಮನೆಗಳಲ್ಲಿ ಅಡುಗೆ ಮಾಡಿ ಅವನನ್ನು ಬೆಳೆಸಿದ್ದಳು. ಮಗ ತನ್ನ ಕಾಲ ಮೇಲೆ ನಿಂತ ಮೇಲೂ ಅವಳು ಅಡುಗೆಮನೆಯನ್ನು ಬಿಡಲಿಲ್ಲ. ಬೆಳಗ್ಗೆ ಒಲೆ ಹಚ್ಚುವವಳು ಅವಳೇ, ಕೊನೆಯ ಪಾತ್ರೆಯನ್ನು ಬೋರಲು ಹಾಕುವವಳೂ ಅವಳೇ. ಸೊಸೆ ಬಂದ ಮೇಲೆ ಒಲೆಯ ಮುಂದೆ ಇಬ್ಬರಾದರು, ಅಷ್ಟೇ.

ಒಂದು ದಿನ ತಾಯಿ ಬಾವಿಕಟ್ಟೆಯಲ್ಲಿ ಜಾರಿ ಬಿದ್ದಳು. ಸೊಂಟಕ್ಕೆ ಪೆಟ್ಟಾಯಿತು. ವೈದ್ಯ ಬಂದು ಎಣ್ಣೆ ಹಚ್ಚಿದ, ಪಟ್ಟಿ ಕಟ್ಟಿದ. ಮೂರು ತಿಂಗಳಲ್ಲಿ ನೋವು ಹೋಯಿತು. ಆದರೆ ಕಾಲಿಗೆ ಬಲ ಬರಲಿಲ್ಲ. ಅವಳು ಹಾಸಿಗೆಯಲ್ಲೇ ಉಳಿದಳು.

ಮಗ ತಾಯಿಗೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮನೆಯ ಮುಂಭಾಗದ ದೊಡ್ಡ ಕೋಣೆಯನ್ನು ಬಿಟ್ಟುಕೊಟ್ಟ. ಅಲ್ಲಿಗೆ ಅಡುಗೆಮನೆಯ ಹೊಗೆ ಬರುತ್ತಿರಲಿಲ್ಲ, ಪಾತ್ರೆಗಳ ಸದ್ದೂ ಬರುತ್ತಿರಲಿಲ್ಲ. ಇಷ್ಟು ವರ್ಷ ಹೊಗೆಯಲ್ಲಿ ಬೆಂದವಳು ಇನ್ನಾದರೂ ನೆಮ್ಮದಿಯಾಗಿರಲಿ ಎಂದು ಅವನು ಬಯಸಿದ್ದ.

ಆದರೆ ತಾಯಿ ದಿನದಿನಕ್ಕೆ ಇಳಿದುಹೋದಳು. ಮೊದಲು ಮಾತು ಕಡಿಮೆಯಾಯಿತು. ಆಮೇಲೆ ಊಟ ಕಡಿಮೆಯಾಯಿತು. ಬಡಿಸಿದ್ದರಲ್ಲಿ ನಾಲ್ಕು ತುತ್ತು ತಿಂದು ಕೈ ತೊಳೆದುಬಿಡುತ್ತಿದ್ದಳು. ವೈದ್ಯ ನಾಡಿ ಹಿಡಿದು ನೋಡಿ, ಕಾಯಿಲೆ ಏನೂ ಕಾಣುತ್ತಿಲ್ಲ, ಹೀಗೆಯೇ ಊಟ ಬಿಟ್ಟರೆ ಮಾತ್ರ ಹೆಚ್ಚು ದಿನ ತಡೆಯುವುದಿಲ್ಲ ಎಂದು ಹೇಳಿಹೋದ. ವ್ಯಾಪಾರಿಗೆ ಕೈಕಾಲು ಆಡದಂತಾಯಿತು.

ಅದೇ ದಿನಗಳಲ್ಲಿ ಅವನು ಬಟ್ಟೆಯ ಗಂಟುಗಳನ್ನು ಗಾಡಿಗೆ ಹೇರಿಕೊಂಡು ಕಡಲ ಕಡೆಗೆ ಹೋಗಬೇಕಾಯಿತು. ಮೂರು ದಿನದ ದಾರಿ. ಬಂದರಿನ ಹತ್ತಿರ ಒಂದು ಮನೆಯವರು ಅವನಿಗೆ ಉಳಿದುಕೊಳ್ಳಲು ಜಾಗ ಕೊಟ್ಟರು. ಆ ಮನೆಯ ಒಳಕೋಣೆಗೆ ಕಾಲಿಟ್ಟ ಕೂಡಲೇ ಅವನ ಎದೆ ಹಗುರವಾಯಿತು. ಗೋಡೆಗೆ ನೀಲಿ ಬಣ್ಣ ಬಳಿದಿದ್ದರು. ಕಿಟಕಿ ನೆಲದಿಂದ ಮೊಣಕಾಲೆತ್ತರದಲ್ಲಿತ್ತು, ಒಂದು ಮಾರು ಅಗಲವಿತ್ತು. ಅದರ ಪಕ್ಕದಲ್ಲಿ ಗಿಡ್ಡ ಕಾಲಿನ ಮಂಚ. ಮಂಚದ ಮೇಲಕ್ಕೆ ಸೂರಿನಿಂದ ಒಂದು ಹಗ್ಗ ಇಳಿಬಿದ್ದಿತ್ತು. ಮೀನಿನ ಬಲೆ ತೇಲಲೆಂದು ಕಟ್ಟುವ ಬಣ್ಣದ ಬೆಂಡುಗಳನ್ನು ಅದಕ್ಕೆ ಪೋಣಿಸಿದ್ದರು. ಮಂಚದ ಮೇಲೆ ಒಬ್ಬ ಮುದುಕ ಕುಳಿತು ಗಟ್ಟಿಯಾಗಿ ನಗುತ್ತಿದ್ದ. ಆ ಮುದುಕನಿಗೂ ನಡೆಯಲು ಬರುವುದಿಲ್ಲ ಎಂದು ವ್ಯಾಪಾರಿಗೆ ಆಮೇಲೆ ತಿಳಿಯಿತು.

ಈ ಮುದುಕನನ್ನು ನಗಿಸುವ ಕೋಣೆ ನನ್ನ ಅವ್ವನನ್ನೂ ನಗಿಸೀತು ಎಂದು ಅವನು ಅಂದುಕೊಂಡ. ಬಟ್ಟೆ ಅಳೆಯುವ ಗಜಕೋಲನ್ನು ತಂದು ಎಲ್ಲವನ್ನೂ ಅಳೆದ. ಕಿಟಕಿಯ ಎತ್ತರ, ಮಂಚದ ಕಾಲು, ಹಗ್ಗದ ಉದ್ದ, ಯಾವುದನ್ನೂ ಬಿಡಲಿಲ್ಲ. ಮನೆಯವರು ಇದೇನು ಹುಚ್ಚು ಎಂಬಂತೆ ನೋಡಿದರು. ಅವನು ಲೆಕ್ಕಿಸಲಿಲ್ಲ.

ಊರಿಗೆ ಬಂದವನೇ ತಾಯಿಯನ್ನು ಬೇರೆಡೆ ಮಲಗಿಸಿ ಅವಳ ಕೋಣೆಯಲ್ಲಿ ಕೆಲಸ ಹಿಡಿಸಿದ. ಗಾರೆಯವನು ಗೋಡೆ ಒಡೆದು ಕಿಟಕಿಯನ್ನು ತಗ್ಗಿಸುವಾಗ, ಇಲ್ಲಿಂದ ಕಾಣುವುದು ಎದುರುಮನೆಯ ಗೋಡೆ ಮಾತ್ರವಲ್ಲವೇ ಎಂದ. ಹೇಳಿದಷ್ಟು ಮಾಡು ಎಂದು ವ್ಯಾಪಾರಿ ಅವನ ಬಾಯಿ ಮುಚ್ಚಿಸಿದ. ನೀಲಿ ಬಣ್ಣ ಒಪ್ಪಿಗೆಯಾಗದೆ ಮೂರು ಸಲ ಬಳಿಸಿದ. ಬೆಂಡುಗಳು ಸಿಗದ್ದರಿಂದ ಬಡಗಿಯಿಂದ ಮರದ ಗುಂಡುಗಳನ್ನು ಕಡೆಸಿ, ಬಣ್ಣ ಹಚ್ಚಿಸಿ, ಹಗ್ಗಕ್ಕೆ ಪೋಣಿಸಿದ. ಆ ಹಗ್ಗ ತಾಯಿಯ ಕೈಗೆ ಎಟುಕುತ್ತದೆಯೇ ಎಂದು ಮಾತ್ರ ನೋಡಲಿಲ್ಲ.

ತಾಯಿಯನ್ನು ಎತ್ತಿಕೊಂಡು ಬಂದು ಆ ಕೋಣೆಯಲ್ಲಿ ಮಲಗಿಸಿದರು. ಅವಳು ಸುತ್ತಲೂ ನೋಡಿದಳು. "ತುಂಬ ಚೆನ್ನಾಗಿದೆ ಮಗಾ. ನಿನಗೆ ಎಷ್ಟು ತೊಂದರೆಯಾಯಿತೋ," ಎಂದಳು. ಆಮೇಲೆ ಮಗ್ಗುಲು ಬದಲಿಸಿ ಕಣ್ಣು ಮುಚ್ಚಿದಳು.

ಊರಿನಲ್ಲಿ ಆ ಕೋಣೆಯದೇ ಮಾತಾಯಿತು. ನೆಂಟರು ಬಂದರು, ನೆರೆಯವರು ಬಂದರು. ನೀಲಿ ಗೋಡೆಯನ್ನು ಮುಟ್ಟಿ ನೋಡಿದರು, ಕಿಟಕಿಯ ಮುಂದೆ ಬಗ್ಗಿ ನಿಂತರು. ತಾಯಿ ಎಲ್ಲರಿಗೂ ಕೈ ಮುಗಿದಳು. ಅವಳ ನಾಲ್ಕು ತುತ್ತು ಎರಡಾಯಿತು.

ತಾನು ಯಾವುದೋ ಒಂದನ್ನು ಗಮನಿಸದೆ ಬಿಟ್ಟಿದ್ದೇನೆ ಎಂದು ವ್ಯಾಪಾರಿಗೆ ಅನಿಸಿತು. ಅವನು ಮತ್ತೆ ಗಾಡಿ ಕಟ್ಟಿಸಿ ಕಡಲೂರಿಗೆ ಹೋದ. ಆ ಮುದುಕನ ಸೊಸೆ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು.

"ತಾಯೀ, ನಿಮ್ಮ ಕೋಣೆಯಂತೆಯೇ ಕಟ್ಟಿಸಿದೆ. ಒಂದು ಬೆರಳೂ ಹೆಚ್ಚುಕಡಿಮೆಯಿಲ್ಲ. ಆದರೂ ನಮ್ಮವ್ವ ತಲೆಯೆತ್ತಿ ನೋಡುತ್ತಿಲ್ಲ. ನಾನು ಬಿಟ್ಟದ್ದು ಏನು?" ಎಂದು ಅವನು ಕೇಳಿದ.

ಅವಳಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಅಣ್ಣಾ, ಚೆಂದಕ್ಕೆಂದು ನಾವು ಏನನ್ನೂ ಕಟ್ಟಲಿಲ್ಲ. ನಮ್ಮ ಮಾವ ದೋಣಿಯವರು. ಕಾಲು ಬಿದ್ದುಹೋದ ಮೇಲೆ ಗಳಿಗೆಗೊಮ್ಮೆ, ದೋಣಿ ಬಂತೇ, ಯಾರ ದೋಣಿ ಬಂತು ಎಂದು ಕೇಳುತ್ತಿದ್ದರು. ಓಡಿಹೋಗಿ ನೋಡಿ ಬಂದು ಹೇಳುವುದರಲ್ಲಿ ನನಗೆ ಸಾಕುಸಾಕಾಯಿತು. ಮಲಗಿದಲ್ಲಿಂದ ಅವರೇ ನೋಡಲಿ ಎಂದು ಗೋಡೆ ಒಡೆದೆವು. ಎರಡು ಸಲ ಮಂಚದಿಂದ ಬಿದ್ದರು, ಮಂಚದ ಕಾಲು ಕೊಯ್ದೆವು. ಹಗ್ಗ ಹಿಡಿದು ಏಳುವಾಗ ಕೈ ಜಾರದಿರಲಿ ಎಂದು ಹಳೆಯ ಬಲೆಯ ಬೆಂಡು ಕಟ್ಟಿದೆವು. ಬಣ್ಣ ದೋಣಿಗೆ ಬಳಿದು ಉಳಿದದ್ದು." ಆಮೇಲೆ ಅವಳು ನಗುವುದನ್ನು ನಿಲ್ಲಿಸಿ ಕೇಳಿದಳು: "ನಿಮ್ಮ ತಾಯಿ ಏನು ಬೇಕೆನ್ನುತ್ತಾರೆ?"

"ಅವಳು ಏನನ್ನೂ ಕೇಳುವವಳಲ್ಲ," ಎಂದ ವ್ಯಾಪಾರಿ.

"ನೀವು ಕೇಳಿದಿರಾ?"

ವ್ಯಾಪಾರಿ ಎತ್ತುಗಳಿಗೆ ನೀರು ಕುಡಿಸಿ, ಅದೇ ಗಳಿಗೆಯಲ್ಲಿ ಗಾಡಿ ತಿರುಗಿಸಿದ.

ಮೂರನೆಯ ದಿನ ಊರು ಇನ್ನೆರಡು ಹರಿದಾರಿ ಇರುವಾಗ ಎದುರಿಗೆ ಪರಿಚಯದ ಒಬ್ಬ ರೈತ ಸಿಕ್ಕ. ನಿಮ್ಮ ಮನೆಯ ಮುಂದೆ ಬೆಳಗ್ಗೆಯಿಂದ ಜನ ಕೂಡಿದ್ದಾರೆ, ಯಾಕೆಂದು ನನಗೆ ಗೊತ್ತಿಲ್ಲ, ಬೇಗ ಹೋಗಿ ಎಂದ. ವ್ಯಾಪಾರಿ ಗಾಡಿಯನ್ನು ಜೊತೆಗಿದ್ದ ಆಳಿಗೆ ಬಿಟ್ಟು ಕೆಳಗಿಳಿದು ಓಡಿದ. ಓಡುವಷ್ಟು ದೂರವೂ ಅವನ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು: ನಾನು ಕೇಳಲಿಲ್ಲ, ನಾನು ಒಂದು ಸಲವೂ ಕೇಳಲಿಲ್ಲ.

ಮನೆಯ ಮುಂದೆ ನಿಜವಾಗಿಯೂ ಜನ ನಿಂತಿದ್ದರು. ಅವನು ಅವರನ್ನು ತಳ್ಳಿಕೊಂಡು ಒಳಗೆ ಹೋದ. ಅವರು ಪಕ್ಕದ ಊರಿನವರು. ಮಗನ ಮದುವೆಗೆ ಮನೆ ಕಟ್ಟಿಸಬೇಕೆಂದಿದ್ದ ಒಬ್ಬ ಸಾಹುಕಾರ ತನ್ನ ಕಡೆಯವರನ್ನೆಲ್ಲ ಕರೆದುಕೊಂಡು ನೀಲಿ ಕೋಣೆಯನ್ನು ನೋಡಲು ಬಂದಿದ್ದ. ತಾಯಿ ಮಂಚದ ಮೇಲೆ ಎಂದಿನಂತೆ ಮಲಗಿದ್ದಳು. ಯಾರೋ ಅವಳ ತಲೆಯ ಮೇಲಿಂದ ಕೈ ಚಾಚಿ ಹಗ್ಗದ ಗುಂಡುಗಳನ್ನು ಎಣಿಸುತ್ತಿದ್ದರು.

ವ್ಯಾಪಾರಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತು ಉಸಿರು ಬಿಟ್ಟ. ಬಂದವರನ್ನು ಮರ್ಯಾದೆಯಿಂದಲೇ ಕಳುಹಿಸಿ, ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತ.

"ಅವ್ವಾ, ನಿನಗೆ ಏನು ಬೇಕು?"

"ಎಲ್ಲ ಇದೆಯಲ್ಲಪ್ಪಾ."

ಅವನು ಏಳಲಿಲ್ಲ. ತಾಯಿ ಒಮ್ಮೆ ಅವನ ಮುಖ ನೋಡಿದಳು, ಒಮ್ಮೆ ಅವನ ಧೂಳು ಮೆತ್ತಿದ ಕಾಲು ನೋಡಿದಳು. ಆಮೇಲೆ ಬಾಯಿ ಬಿಟ್ಟಳು.

"ಇವತ್ತು ಮನೆಯಲ್ಲಿ ಏನು ಸಾರು?"

"ನನಗೆ ಗೊತ್ತಿಲ್ಲವ್ವಾ. ಈಗ ತಾನೇ ಬಂದೆ."

"ನನಗೂ ಗೊತ್ತಿಲ್ಲ," ಎಂದಳು ತಾಯಿ. "ತಟ್ಟೆ ಮುಂದೆ ಬಂದ ಮೇಲೆಯೇ ಗೊತ್ತಾಗುವುದು. ಅರವತ್ತು ವರ್ಷ ಈ ಕೈ ಒಗ್ಗರಣೆ ಹಾಕಿದೆ. ಈಗ ಸಾಸಿವೆ ಸಿಡಿಯುವ ಸದ್ದೂ ಕಿವಿಗೆ ಬೀಳುವುದಿಲ್ಲ. ನೆಂಟರ ಮನೆಗೆ ಬಂದವಳ ಹಾಗೆ ಮಲಗಿದ್ದೇನೆ ಮಗಾ. ನೆಂಟರಾದರೂ ಎಷ್ಟು ದಿನ ಇರುತ್ತಾರೆ?"

ವ್ಯಾಪಾರಿ ಎದ್ದ. ಅಡುಗೆಮನೆಯ ಗೋಡೆಗೆ ಅಂಟಿಕೊಂಡು ಒಂದು ಉಗ್ರಾಣವಿತ್ತು. ಅದರೊಳಗಿನ ಕಾಳಿನ ಚೀಲಗಳನ್ನೆಲ್ಲ ತಾನೇ ಹೊತ್ತು ಹೊರಗೆ ಹಾಕಿದ. ಮಂಚವನ್ನು ಅಲ್ಲಿಗೆ ತರಿಸಿದ. ತಾಯಿಯನ್ನು ಅದರ ಮೇಲೆ ಕೂರಿಸಿ, ಅವ್ವಾ, ಕಣ್ಣು ಎಲ್ಲಿಗೆ ಬರುತ್ತದೆ ತೋರಿಸು ಎಂದ. ಅವಳು ಗೋಡೆಯ ಮೇಲೆ ಬೆರಳಿಟ್ಟಳು. ಅವನು ಅಲ್ಲಿ ಇದ್ದಿಲಿನಿಂದ ಗೆರೆ ಎಳೆದ. ಗಾರೆಯವನು ಬರುವವರೆಗೆ ಕಾಯಲಾರದೆ ಹಾರೆ ತೆಗೆದುಕೊಂಡು ಆ ಗೋಡೆಯನ್ನು ತಾನೇ ಒಡೆಯತೊಡಗಿದ.

ಮೊದಲ ಕಲ್ಲು ಆಚೆಗೆ ಬಿತ್ತು. ಒಲೆಯ ಮೇಲಿದ್ದ ಪಾತ್ರೆಗೆ ಮಣ್ಣು ಬಿತ್ತು.

"ಏ, ಸಾರು ಮುಚ್ಚಬಾರದೇನೇ! ಗೋಡೆ ಒಡೆಯುವಾಗ ಯಾರಾದರೂ ಪಾತ್ರೆ ತೆರೆದಿಡುತ್ತಾರೆಯೇ!" ಎಂದು ತಾಯಿ ಕೂಗಿದಳು.

ಸೊಸೆ ಸೌಟು ಹಿಡಿದುಕೊಂಡೇ ಕಿಂಡಿಯ ಕಡೆಗೆ ತಿರುಗಿದಳು. ಅತ್ತೆಯ ಬೈಗುಳ ಕೇಳಿ ಏಳು ತಿಂಗಳಾಗಿತ್ತು. ಅವಳಿಗೆ ನಗುವೂ ಬಂತು, ಅಳುವೂ ಬಂತು. "ನೀವಿಲ್ಲದೆ ನನಗೆ ಉಪ್ಪಿನ ಹದವೇ ತಪ್ಪಿಹೋಗಿದೆ ಅತ್ತೆ," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ವ್ಯಾಪಾರಿ ಹಾರೆಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತ.

ಗಾರೆಯವನು ಬಂದು ಆ ಕಿಂಡಿಯನ್ನು ನುಣುಪು ಮಾಡಿದ. ಹೊಗೆ ಹೋಗಲು ಅಡುಗೆಮನೆಯ ನಾಲ್ಕು ಹೆಂಚುಗಳನ್ನು ಎತ್ತಿಸಿದರು. ಕಿಂಡಿಯ ಕಟ್ಟೆ ಅಗಲವಾಗಿತ್ತು; ತಾಯಿ ಅದರ ಮೇಲೆ ಸೊಪ್ಪು ಸೋಸುತ್ತಿದ್ದಳು, ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳ ಕೈಗೆ ಎಟುಕುವಲ್ಲಿ ಸೊಸೆ ಸಾಂಬಾರದ ಡಬ್ಬಿಗಳನ್ನು ಸಾಲಾಗಿ ಇಟ್ಟಳು. ಕಾಳು ಆರಿಸಲು ಬೆಳಕು ಸಾಲದೆಂದು ಗೋಡೆಗೆ ಸುಣ್ಣ ಬಳಿದರು. ಇದನ್ನೆಲ್ಲ ಯಾರೂ ಅಳತೆ ಹಿಡಿದು ಮಾಡಲಿಲ್ಲ. ಒಂದು ದಿನ ಒಂದು ಬೇಕೆನಿಸಿತು, ಇನ್ನೊಂದು ದಿನ ಇನ್ನೊಂದು. ಕಡಲೂರಿನ ಮನೆಯಿಂದ ವ್ಯಾಪಾರಿ ಕೊನೆಗೂ ತಂದದ್ದು ಒಂದನ್ನೇ: ಮನೆಯವರಿಗಾಗಿ ಗೋಡೆಯನ್ನು ಒಡೆಯಬಹುದು ಎಂಬ ಧೈರ್ಯವನ್ನು. ಅದಕ್ಕಾಗಿ ಆ ಮನೆಯನ್ನು ಅವನು ಬದುಕಿರುವವರೆಗೂ ನೆನೆದ.

ಎಂಟನೆಯ ದಿನ ತಾಯಿ ತಟ್ಟೆಯಲ್ಲಿದ್ದುದನ್ನೆಲ್ಲ ಉಂಡು ಇನ್ನೊಂದು ಹಿಡಿ ಅನ್ನ ಕೇಳಿದಳು. ಆ ಹೊತ್ತಿನಲ್ಲಿ ವ್ಯಾಪಾರಿ ಮುಂದಿನ ಜಗಲಿಯಲ್ಲಿ ಗಿರಾಕಿಗಳಿಗೆ ಬಟ್ಟೆ ಬಿಚ್ಚಿ ತೋರಿಸುತ್ತಿದ್ದ. ಒಳಗಿನಿಂದ, ಹುಣಸೆಹುಳಿ ಸಾಕು, ಸಾಕು ಎಂದೆನಲ್ಲ ಎಂದು ತಾಯಿ ಗದರುವುದೂ, ಅದಕ್ಕೆ ಸೊಸೆ ಏನೋ ಎದುರುತ್ತರ ಕೊಡುವುದೂ, ಇಬ್ಬರೂ ನಗುವುದೂ ಅಷ್ಟು ದೂರಕ್ಕೆ ಕೇಳಿಸಿತು. ವ್ಯಾಪಾರಿ ಕೈಯಲ್ಲಿದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡ. ಗಿರಾಕಿಗಳು ಕಣ್ಣಿಗೆ ಏನಾದರೂ ಬಿತ್ತೇ ಎಂದು ಕೇಳಿದರು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಮರುಳಯ್ಯ ತಲೆ ತಗ್ಗಿಸಿ ಯೋಚಿಸಿದ. "ಆ ವ್ಯಾಪಾರಿಗೆ ಕೇಳುವುದಕ್ಕೆ ತಾಯಿ ಇದ್ದಳು ಗುರುಗಳೇ. ನಮ್ಮ ಕೋಣೆಗೆ ನಾಳೆ ಬರುವವರು ಯಾರೋ ಏನೋ. ನಾನು ಯಾರನ್ನು ಕೇಳಲಿ?" ಎಂದ.

"ನೀನೂ ಒಂದು ಮಧ್ಯಾಹ್ನ ಈ ಬಾಗಿಲಿಗೆ ನಡೆದೇ ಬಂದವನು, ಮರುಳಯ್ಯ, ಅಂದು ನಿನಗೆ ಏನು ಬೇಕಾಗಿತ್ತು?" ಎಂದರು ಗುರುಗಳು.

ಮರುಳಯ್ಯ ಎದ್ದು ಹೋಗಿ ಕೋಣೆಯ ಬಾಗಿಲಲ್ಲಿ ಒಂದು ಕೊಡ ತಣ್ಣೀರು ತಂದಿಟ್ಟ.